ಎರಡನೆಯ ಮೊಲದ ಸೀಸೆ

೪ ಫೆಬ್ರವರಿ

ಪುಟ್ಟಿಗೆ,

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಿನ್ನ ಅಣ್ಣನ ವಿಷಯ ಎತ್ತಿದರೆ ಸಾಕು, ನೀನು ಮೂಗೆಳೆಯಲು ಶುರು ಮಾಡುತ್ತೀಯ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದದಲ್ಲಿ ನೀನು ಎಷ್ಟು ಅತ್ತರೂ ನನಗೆ ಕೇಳಿಸುವುದಿಲ್ಲ. ನನ್ನ ಗಂಡನಿಗೆ ಇರುವವಳು ನೀನೊಬ್ಬಳೇ ತಂಗಿ. ತಿಳಿಸುವುದು ನನ್ನ ಕರ್ತವ್ಯ, ತಿಳಿಸುತ್ತಿದ್ದೇನೆ.

ನಿಮ್ಮಣ್ಣ ಮಹಾಶಯರು ಮೊನ್ನೆ ಮತ್ತೆ ಬಿದ್ದರು. ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಶಾಲೆಯ ಮೈದಾನದ ನಟ್ಟನಡುವೆ, ಮಕ್ಕಳೆಲ್ಲ ಸಾಲಾಗಿ ನಿಂತು ನೋಡುತ್ತಿರುವಾಗ. ಕಲ್ಲಿಲ್ಲ, ಗುಂಡಿಯಿಲ್ಲ, ಸುಮ್ಮನೆ ನಡೆಯುತ್ತಿದ್ದವರು ಮುಗ್ಗರಿಸಿದರು. ಒಂದು ಕಾಲದಲ್ಲಿ ಓಟದಲ್ಲಿ ಕಪ್ಪು ಗೆದ್ದವರು ಎಂದು ನಿಮ್ಮ ಮನೆಯವರೆಲ್ಲ ಹೇಳಿಕೊಂಡು ತಿರುಗುತ್ತೀರಿ. ಆ ಕಪ್ಪುಗಳ ಧೂಳನ್ನು ಹನ್ನೊಂದು ವರ್ಷದಿಂದ ಒರೆಸುತ್ತಿರುವವಳು ನಾನು. ಈಗ ನಮ್ಮ ಮೂರನೇ ಮಹಡಿಗೆ ಹತ್ತುವಾಗ ತೊಡೆಯನ್ನು ಕೈಯಿಂದ ಹಿಡಿದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಎತ್ತಿಡುತ್ತಾರೆ. ಶಾಲೆಯಲ್ಲಿ ಈ ಡ್ರಿಲ್ ಮಾಸ್ತರು ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಾರೆ, ಮಕ್ಕಳು ಬಗ್ಗಿ ಏಳುತ್ತವೆ.

ಕೇಳಿದರೆ "ಕಾಲಲ್ಲಿ ಬಲ ಇಲ್ಲ ಕಣೇ" ಎನ್ನುತ್ತಾರೆ. ಸಿಲಿಂಡರ್ ಒಳಗಿಡಿ ಎಂದರೆ ಬಲ ಇಲ್ಲ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಎಂದರೆ ಬಲ ಇಲ್ಲ. ತಟ್ಟೆಯ ಮುಂದೆ ಕೂತಾಗ ಮಾತ್ರ ಆ ಬಲ ಎಲ್ಲಿಂದ ಬರುತ್ತದೋ ಕಾಣೆ.

ಶಾಲೆಯ ಮಂಡಳಿಯವರಿಗೂ ಸಾಕಾಗಿದೆ. ಕಾಯಿಲೆಯಿದ್ದರೆ ಆಸ್ಪತ್ರೆಯ ವರದಿ ತನ್ನಿ, ಇಲ್ಲದಿದ್ದರೆ ಕೆಲಸ ಬಿಡಿ ಎಂದಿದ್ದಾರೆ. ಮಾರ್ಚ್ ಇಪ್ಪತ್ತೆಂಟಕ್ಕೆ ಅವರ ಸಭೆ. ರಕ್ತದಲ್ಲಿ ಏನೋ ಒಂದು ಅಂಶ ವಿಪರೀತ ಏರಿದೆ ಎಂದು ನಮ್ಮ ಆಸ್ಪತ್ರೆಯ ನರರೋಗದ ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು. ದಿನಾ ಬಿದ್ದು ಮೈ ಜಜ್ಜಿಕೊಂಡರೆ ಯಾರಿಗಾದರೂ ಏರುತ್ತದೆ. ಅವರು ಮೀನಖಂಡದಿಂದ ಒಂದು ಚೂರು ಸ್ನಾಯು ತೆಗೆದು ನಮ್ಮ ಲ್ಯಾಬಿಗೆ ಕಳಿಸಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಸ್ನಾಯು ಕತ್ತರಿಸಿ ಬಣ್ಣ ಹಾಕುತ್ತಿರುವವಳು ನಾನು. ನನ್ನ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗದು.

ಡಾಕ್ಟರ ಅನುಮಾನ ಒಂದು ಪ್ರೊಟೀನಿನ ಮೇಲೆ. ಓಡಾಡುವಾಗ ಸ್ನಾಯುವಿನ ಕೋಶದ ಅಂಚು ಹರಿದರೆ ತೇಪೆ ಹಾಕುವ ಪ್ರೊಟೀನು ಅದು. ಅದನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುವ ಪ್ರತಿಕಾಯವನ್ನು ತಯಾರಿಸುವುದು ನಿಮ್ಮ ಕಂಪನಿ. ಅಂಟಿಕೊಂಡರೆ ಕಂದು ಬಣ್ಣ ಬರುತ್ತದೆ: ಪ್ರೊಟೀನು ಇದೆ, ಮನುಷ್ಯ ಸುಳ್ಳ. ಅಂಟದಿದ್ದರೆ ಬಿಳಿ: ಕಾಯಿಲೆ ಇದೆ. ನಮ್ಮ ಸೀಸೆಯಲ್ಲಿ ತಳ ಒದ್ದೆಯಾಗುವಷ್ಟು ಉಳಿದಿದೆ. ಆಸ್ಪತ್ರೆಯ ಕಚೇರಿಯ ಮೂಲಕ ತರಿಸಿದರೆ ಮುಂದಿನ ವರ್ಷ ಬರುತ್ತದೆ. ನೀನು ಅಲ್ಲೇ ಇದ್ದೀಯಲ್ಲ, ಒಂದು ಸೀಸೆ ಬೇಗ ಕಳಿಸು.

ಕಂದು ಬಂದರೆ ನಾನು ಇನ್ನು ಇವರನ್ನು ಹೊತ್ತು ತಿರುಗುವುದಿಲ್ಲ. ನನ್ನ ದಾರಿ ನಾನು ನೋಡಿಕೊಳ್ಳುತ್ತೇನೆ. ನೀನು ಎರಡು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ, ಆದ್ದರಿಂದ ನಿನ್ನ ಅಭಿಪ್ರಾಯ ಬೇಕಿಲ್ಲ.

ನಿನ್ನ ಅತ್ತಿಗೆ


೧೩ ಫೆಬ್ರವರಿ

ಅತ್ತಿಗೆಯವರಿಗೆ ನಮಸ್ಕಾರ.

ಸೀಸೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ, ಈ ಕಾಗದಕ್ಕಿಂತ ಮೊದಲೇ ತಲುಪಿರುತ್ತದೆ. ಹೊಸ ಬ್ಯಾಚು, ಹೊರಬಂದು ಎರಡು ತಿಂಗಳಾಯಿತು. ಬಳಸುವ ವಿಧಾನ ಹಳೆಯದೇ. ನಿಮ್ಮಂಥವರಿಗೆ ನಾನು ಹೇಳಿಕೊಡಬೇಕೇ!

ಅಣ್ಣ ಮೂರು ಸಲ ಬಿದ್ದದ್ದನ್ನು ಎಣಿಸಿ ಬರೆದಿದ್ದೀರಿ. ಎತ್ತಿದವರು ಯಾರು ಎಂದು ಬರೆದಿಲ್ಲ. ನೀವಂತೂ ಆಗಿರಲಾರಿರಿ, ನಿಮ್ಮ ಸೊಂಟದ ಮೇಲಿನ ಕೈ ಕೆಳಗಿಳಿದದ್ದನ್ನು ನಾನು ನೋಡಿಲ್ಲ. ಅಣ್ಣ ಸುಳ್ಳು ಹೇಳುವವನಲ್ಲ. ಹೇಳಲು ಬರುವುದೇ ಇಲ್ಲ ಅವನಿಗೆ. ಚಿಕ್ಕಂದಿನಲ್ಲಿ ನಾನು ಲೋಟ ಒಡೆದು ಅವನ ಮೇಲೆ ಹಾಕಿದರೆ, ಸ್ವಲ್ಪ ಯೋಚಿಸಿ "ಇರಬಹುದು, ನನ್ನ ಕೈ ತಾಗಿರಬಹುದು" ಎನ್ನುತ್ತಿದ್ದ. ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರ ಮಾತು ನಿಜ ಎಂದು ನಂಬುವ ಸ್ವಭಾವ. ನಿಮ್ಮ ಮನೆಯಲ್ಲಿ ಗಟ್ಟಿ ದನಿ ಯಾರದು ಎಂದು ಇಡೀ ಬೀದಿಗೆ ಗೊತ್ತು.

ಒಂದು ಕೆಲಸ ಮಾಡಿ. ಅಣ್ಣನಿಗೆ ಹಿಮ್ಮಡಿ ಎತ್ತಿ ಬೆರಳ ತುದಿಯ ಮೇಲೆ ನಿಲ್ಲಲು ಹೇಳಿ ನೋಡಿ. ಆಗುತ್ತದೋ ಇಲ್ಲವೋ ಬರೆಯಿರಿ.

ನಾನು ಬರದೇ ಇದ್ದದ್ದಕ್ಕೆ ಕೆಲಸದ ಒತ್ತಡ ಕಾರಣ.

ಪುಟ್ಟಿ


೨೪ ಫೆಬ್ರವರಿ

ಪುಟ್ಟಿ,

ಕಂದು.

ಇಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಹನ್ನೊಂದು ವರ್ಷ ಕಾದಿದ್ದ ಮಾತನ್ನು ಒಂದೇ ಪದಕ್ಕೆ ಮುಗಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಾನೇ ಕತ್ತರಿಸಿದೆ, ನಾನೇ ಬಣ್ಣ ಹಾಕಿದೆ. ಒಂದೊಂದು ಕೋಶದ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದ ಹಾಗೆ ಕಂದು. ಪಕ್ಕದಲ್ಲಿ, ಹೋಲಿಸಿ ನೋಡಲು, ಕಂಟ್ರೋಲ್ ಎಂದು ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ತುಂಡು ಹಾಕಿದ್ದೆ, ಕಾಲು ಮುರಿದುಕೊಂಡು ಶಸ್ತ್ರಚಿಕಿತ್ಸೆಗೆ ಬಂದಿದ್ದವನು, ಮೂಟೆ ಹೊರುವ ಕೆಲಸದವನು. ಎರಡರಲ್ಲಿ ಯಾವುದು ಮೂಟೆಯವನದು, ಯಾವುದು ನಿಮ್ಮಣ್ಣನದು ಎಂದು ಚೀಟಿ ನೋಡಿಯೇ ಹೇಳಬೇಕು. ಅಲ್ಲಲ್ಲಿ ಕೆಲವು ಕೋಶಗಳು ಸೊರಗಿವೆ, ಒಂದಿಷ್ಟು ಉರಿಯೂತವಿದೆ. ಕೂತಲ್ಲೇ ಕೂರುವವರಿಗೆ, ಎದ್ದರೆ ಬೀಳುವವರಿಗೆ ಅದೆಲ್ಲ ಇರುವುದೇ.

ನಮ್ಮ ಲ್ಯಾಬಿನ ಸಾಹೇಬರು ಗಾಜನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಲೂ ಇಲ್ಲ. "ನೀವು ನೋಡಿದೀರಲ್ಲ ಮೇಡಂ, ಇನ್ನೇನು" ಎಂದು ಸಹಿ ಗೀಚಿ ಕೊಟ್ಟರು. ಆ ಮನುಷ್ಯನಿಗೆ ತಿಂಗಳಿಗೆ ಒಮ್ಮೆಯಾದರೂ ಕಣ್ಣು ಬಿಡಲು ಯಾರಾದರೂ ಔಷಧಿ ಚೀಟಿ ಬರೆದುಕೊಡಬೇಕು.

ಮನೆಗೆ ಬಂದು ನಿಮ್ಮಣ್ಣನಿಗೆ ಓದಿ ಹೇಳಿದೆ. ಸ್ಟೂಲಿನ ಮೇಲೆ ಕೂತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ಹಾಗಂದ್ರೆ ಎಲ್ಲಾ ಸರಿಯಾಗಿದೆ ಅಂತಲಾ?" ಎಂದರು.

"ಸ್ನಾಯು ಸರಿಯಾಗಿದೆ. ಕೆಟ್ಟಿರೋದು ಬುದ್ಧಿ" ಎಂದೆ.

ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ನೀನೇ ನೋಡಿದ್ಮೇಲೆ ಸರಿಯೇ ಇರುತ್ತೆ ಬಿಡು" ಎಂದರು. ನೋಡು, ಸಿಕ್ಕಿಬಿದ್ದವರ ಮಾತು ಹೀಗೇ ಇರುತ್ತದೆ. ನಿನ್ನ ಆಸೆಯಂತೆ ಹಿಮ್ಮಡಿ ಎತ್ತಿ ಎಂದೆ. ಗೋಡೆ ಹಿಡಿದು ಹಲ್ಲು ಕಚ್ಚಿ ತಿಣುಕಿದರು, ಹಿಮ್ಮಡಿ ನೆಲ ಬಿಟ್ಟು ಒಂದು ಎಳೆಯಷ್ಟೂ ಏಳಲಿಲ್ಲ. "ಆಗಲ್ಲ ಕಣೇ" ಎಂದು ನಕ್ಕರು. ಇಂಥ ನಟನೆಗೆ ಟಿಕೆಟ್ ಇಡಬಹುದಿತ್ತು.

ನಾಳೆಯಿಂದ ಬೆಳಿಗ್ಗೆ ಮೈದಾನದಲ್ಲಿ ಆರು ಸುತ್ತು ಓಡಬೇಕು ಎಂದು ಹೇಳಿದ್ದೇನೆ. ಒಪ್ಪಿಕೊಂಡಿದ್ದಾರೆ. ವರದಿ ಮಂಡಳಿಗೆ ಹೋಯಿತು.

ನಿನ್ನ ಅತ್ತಿಗೆ


೫ ಮಾರ್ಚ್

ಅತ್ತಿಗೆ,

ಒಂದೇ ಪ್ರಶ್ನೆ. ಆ ಗಾಜಿನ ಮೇಲೆ ಮೂಟೆಯವನ ತುಂಡಿನ ಜೊತೆಗೆ, ನಿಮ್ಮ ಲ್ಯಾಬಿನ ಶೀತಪೆಟ್ಟಿಗೆಯಲ್ಲಿರುವ ದರ್ಜಿಯಮ್ಮನ ತುಂಡನ್ನೂ ಹಾಕಿದ್ದಿರಾ?

ಅಣ್ಣನ ಓಟವನ್ನು ದಯವಿಟ್ಟು ನಿಲ್ಲಿಸಿ.

ಪುಟ್ಟಿ


೧೨ ಮಾರ್ಚ್

ಪುಟ್ಟಿ,

ಒಂದೇ ಪ್ರಶ್ನೆ ಅಂತೆ! ನನಗೆ ಪ್ರಶ್ನೆ ಹಾಕುವಷ್ಟು ಯಾವಾಗ ದೊಡ್ಡವಳಾದೆ? ನೀನು ಫ್ರಾಕು ಹಾಕಿಕೊಂಡು ತಿರುಗುತ್ತಿದ್ದಾಗ ನಾನು ಸ್ನಾಯುವನ್ನು ಕೂದಲಿಗಿಂತ ತೆಳ್ಳಗೆ ಹೆರೆಯುತ್ತಿದ್ದೆ.

ಹಾಕಲಿಲ್ಲ. ಕೇಳಿಸಿತೇ? ದರ್ಜಿಯಮ್ಮನ ತುಂಡು ಇಡೀ ಲ್ಯಾಬಿನಲ್ಲಿ ಇರುವುದು ಒಂದೇ. ಒಂಬತ್ತು ವರ್ಷದ ಹಿಂದೆ ಬಂದಿದ್ದ ಹೆಂಗಸು, ಆ ಪ್ರೊಟೀನು ಎಳ್ಳಷ್ಟೂ ಇಲ್ಲ ಎಂದು ಮೂರು ಕಡೆ ಖಚಿತವಾದವಳು. ಅಂಥ ತುಂಡು ಹುಡುಕಿದರೂ ಸಿಗುವುದಿಲ್ಲ. ಕಡಲೆಕಾಳಿನಷ್ಟು ಇದ್ದದ್ದು ಈಗ ಸಾಸಿವೆಯಷ್ಟಾಗಿದೆ. ಶೀತಪೆಟ್ಟಿಗೆಯಲ್ಲಿ ಅದರ ಡಬ್ಬಿಯ ಮೇಲೆ "ಮುಟ್ಟಿದರೆ ಜೋಕೆ" ಎಂದು ನಾನೇ ಬರೆದು ಅಂಟಿಸಿದ್ದೇನೆ. ನಿಜವಾದ ರೋಗಿಗಳಿಗೆಂದು ಕಾಪಾಡಿಕೊಂಡು ಬಂದದ್ದನ್ನು ಒಬ್ಬ ಮೈಗಳ್ಳನಿಗಾಗಿ ಕರಗಿಸಲೇ?

ಅಷ್ಟಕ್ಕೂ ಅದರ ಅಗತ್ಯವೇನಿತ್ತು? ಸೀಸೆಯ ಜೊತೆ ನಿಮ್ಮ ಕಂಪನಿ ಕಳಿಸಿದ ಕಾಗದದಲ್ಲೇ ದಪ್ಪ ಅಕ್ಷರದಲ್ಲಿದೆಯಲ್ಲ, ಈ ಬ್ಯಾಚನ್ನು ಮಾನವ ಸ್ನಾಯುವಿನ ಮೇಲೆ ಪರೀಕ್ಷಿಸಿ ಸರಿಯೆಂದು ಕಂಡುಬಂದಿದೆ ಎಂದು. ಕೆಳಗೆ ಪರೀಕ್ಷಿಸಿದವರ ಸಹಿ ಇದೆ. ನಿನ್ನದೇ, ಅದೇ ಕೋಳಿಕಾಲಿನ ಸಹಿ. ನಿನ್ನ ಸಹಿಯನ್ನು ನೀನೇ ನಂಬದಿದ್ದರೆ ನಾನೇನು ಮಾಡಲಿ?

ಓಟ ನಿಲ್ಲಿಸಲು ಹೇಳಿದ್ದೀಯ. ಅದರ ಅಗತ್ಯ ಬರಲಿಲ್ಲ, ಮೊನ್ನೆ ನಾಲ್ಕನೇ ಸುತ್ತಿನಲ್ಲಿ ಮುಖ ಅಡಿಯಾಗಿ ಬಿದ್ದು ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದಿದ್ದಾರೆ. ಆದರೂ ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಓಡುತ್ತಾರಂತೆ. ನಾನು ಬೇಡ ಎನ್ನಲಿಲ್ಲ. ಇಪ್ಪತ್ತೆಂಟರ ಸಭೆಗೆ ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು ಹೋಗಿ ಕನಿಕರ ಗಿಟ್ಟಿಸುವ ಉಪಾಯವೂ ಇರಬಹುದು.

ಅತ್ತಿಗೆ


೧೮ ಮಾರ್ಚ್

ಅತ್ತಿಗೆ,

ಈ ಕಾಗದವನ್ನು ನಿಂತುಕೊಂಡು ಓದಬೇಡಿ.

ಆ ಪ್ರತಿಕಾಯ ಬರುವುದು ಮೊಲದ ರಕ್ತದಿಂದ. ಮೊಲಕ್ಕೆ ಆ ಪ್ರೊಟೀನಿನ ಚೂರನ್ನು ಚುಚ್ಚುತ್ತೇವೆ, ಅದರ ಮೈ ಪ್ರತಿಕಾಯ ತಯಾರಿಸುತ್ತದೆ. ಆರು ವರ್ಷ ನಮಗೆ ಒಂದೇ ಮೊಲವಿತ್ತು. ಅದು ಕಳೆದ ವರ್ಷ ಸತ್ತಿತು. ನಿಮಗೆ ಕಳಿಸಿದ್ದು ಎರಡನೆಯ ಮೊಲದ್ದು. ಎಲ್ಲ ಮೊಲವೂ ಒಂದೇ ಥರ ಪ್ರತಿಕಾಯ ಕೊಡುವುದಿಲ್ಲ. ಒಂದು ಮೊಲದ್ದು ಬೇಕಾದ್ದಕ್ಕೆ ಮಾತ್ರ ಅಂಟುತ್ತದೆ, ಇನ್ನೊಂದರದ್ದು ಪಕ್ಕದಲ್ಲಿರುವುದಕ್ಕೂ ಅಂಟುತ್ತದೆ. ಆಗ ಪ್ರೊಟೀನು ಇದ್ದರೂ ಕಂದು, ಇಲ್ಲದಿದ್ದರೂ ಕಂದು. ಇದನ್ನು ಹಿಡಿಯಲು ಇರುವುದು ಒಂದೇ ದಾರಿ, ಪ್ರೊಟೀನು ಇಲ್ಲವೆಂದು ಖಚಿತವಾದವರ ತುಂಡಿನ ಮೇಲೆ ಹಾಕಿ ನೋಡುವುದು.

ನಮ್ಮ ಪರೀಕ್ಷೆಯ ಹಾಳೆಯಲ್ಲಿ ಅದಕ್ಕೆಂದೇ ಒಂದು ಕಲಂ ಇದೆ. ಅದರಲ್ಲಿ ನಾನು "ಲಭ್ಯವಿಲ್ಲ" ಎಂದು ಬರೆದು ಕೆಳಗೆ ಸಹಿ ಹಾಕಿದೆ. ನಮ್ಮಲ್ಲಿ ಅಂಥ ತುಂಡು ಇಲ್ಲ. ಆಸ್ಪತ್ರೆಗಳು ಕೊಡುವುದಿಲ್ಲ, ಎಲ್ಲರೂ ನಿಮ್ಮ ಹಾಗೆ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ಜೋಕೆ ಎಂದು ಬರೆಯುತ್ತಾರೆ. ಮೂರು ವರ್ಷದ ಹಿಂದೆ ಒಂದೇ ಒಂದು ಪದರ ಕೊಡಿ ಎಂದು ನಿಮ್ಮನ್ನೇ ಕೇಳಿದ್ದೆ. "ಇದೇನು ಧರ್ಮಛತ್ರವಾ?" ಎಂದು ಎಲ್ಲರೆದುರು ನಕ್ಕಿರಿ. ಹೇಗೂ ಬಳಸುವ ಮೊದಲು ಲ್ಯಾಬಿನವರು ನೋಡಿಕೊಳ್ಳುತ್ತಾರೆ ಎಂದು ನಾನು ಸಹಿ ಹಾಕಿದೆ. ಕಂಪನಿಯವರು ನೋಡಿರುತ್ತಾರೆ ಎಂದು ನೀವು ಬಣ್ಣ ಹಾಕಿದಿರಿ. ನೋಡಿದವರು ಯಾರೂ ಇಲ್ಲ.

ಸತ್ತ ತುಂಡನ್ನು ಜೋಪಾನ ಮಾಡಿ ಬದುಕಿರುವ ಮನುಷ್ಯನನ್ನು ಸವೆಸಿದಿರಿ ಅತ್ತಿಗೆ. ಗದ್ದದಲ್ಲಿ ಹೊಲಿಗೆ ಇಟ್ಟುಕೊಂಡು ಮತ್ತೆ ಓಡುತ್ತೇನೆ ಎನ್ನುವವನನ್ನು ಮೈಗಳ್ಳ ಎಂದು ಕರೆಯಲು ಎಂಥ ಕಣ್ಣು ಬೇಕು? ನಿಮ್ಮ ಇಪ್ಪತ್ತೆರಡು ವರ್ಷದ ಕಣ್ಣನ್ನು ನೀವೇ ಇಟ್ಟುಕೊಳ್ಳಿ. ಆ ಪ್ರೊಟೀನು ಇಲ್ಲದವರು ಓಡಿದರೆ ಸ್ನಾಯು ಹರಿಯುತ್ತದೆ, ಹರಿದದ್ದು ಕೂಡಿಕೊಳ್ಳುವುದಿಲ್ಲ.

ನನ್ನದೂ ಹೇಳಿಬಿಡುತ್ತೇನೆ. ನಾನು ಒಳ್ಳೆಯವಳು ಎಂದು ತೋರಿಸಿಕೊಳ್ಳಲು ಬರೆಯುತ್ತಿಲ್ಲ. ಎರಡು ವರ್ಷದಿಂದ ನನಗೆ ಹಿಮ್ಮಡಿ ಎತ್ತಿ ನಿಲ್ಲಲು ಆಗುವುದಿಲ್ಲ. ಮೇಲಿನ ಕಪಾಟಿನ ಸೀಸೆ ತೆಗೆಯಲು ಬೇರೆಯವರನ್ನು ಕರೆಯುತ್ತೇನೆ. ನಿಮ್ಮ ಮನೆಗೆ ಬಾರದೇ ಇದ್ದದ್ದು ಜಂಬದಿಂದಲ್ಲ, ಮೂರು ಮಹಡಿಯ ಮೆಟ್ಟಿಲಿಗೆ ಹೆದರಿ. ಇದು ಅಣ್ಣ ತಂಗಿಯರಿಗೆ ಒಟ್ಟಿಗೆ ಬರಬಹುದಾದ ಕಾಯಿಲೆ. ನಿಮ್ಮ "ಕಂದು" ಎಂಬ ಕಾಗದ ಬಂದ ದಿನ, ಅಣ್ಣನಿಗೆ ಇಲ್ಲವೆಂದರೆ ನನಗೂ ಇಲ್ಲ ಎಂದು ನಾನು ಕುಣಿದೆ. ಐದು ದಿನ ಆ ಸಂತೋಷವನ್ನು ಇಟ್ಟುಕೊಂಡಿದ್ದೆ. ಅನುಮಾನ ಮೊದಲ ದಿನವೇ ಬಂದಿತ್ತು. ಆ ಐದು ದಿನವೂ ಅವನು ಓಡುತ್ತಿದ್ದ.

ದರ್ಜಿಯಮ್ಮನ ತುಂಡು ಹಾಕಿ. ಇವತ್ತೇ ಹಾಕಿ.

ಪುಟ್ಟಿ


೨೨ ಮಾರ್ಚ್

ಪುಟ್ಟಿ,

ಹಾಕಿದೆ. ನಿನ್ನ ಸೀಸೆಯಿಂದ ದರ್ಜಿಯಮ್ಮನ ತುಂಡಿಗೆ ಕಂದು ಬಂತು. ಕೋಶದ ಸುತ್ತ ಚೆಂದದ ಗೆರೆ. ಇಲ್ಲದ ಪ್ರೊಟೀನನ್ನು ಇದೆ ಎಂದು ತೋರಿಸುವ ಸೀಸೆ.

ನಮ್ಮ ಹಳೆಯ ಸೀಸೆಯ ತಳದಲ್ಲಿದ್ದದ್ದನ್ನು ಬಳಿದು ಮೂರು ಹನಿ ಮಾಡಿಕೊಂಡೆ. ಮೂಟೆಯವನದು ಕಂದು. ದರ್ಜಿಯಮ್ಮನದು ಬಿಳಿ. ನಿಮ್ಮಣ್ಣನದು ಬಿಳಿ.

ಆ ಮೂರು ಹನಿ ಫೆಬ್ರವರಿಯಲ್ಲೂ ಅಲ್ಲೇ ಇತ್ತು. ಇನ್ನೊಮ್ಮೆ ನೋಡೋಣ ಎಂದು ನನಗೆ ಅನ್ನಿಸಲೇ ಇಲ್ಲ. ಕಂದು ಬರಲಿ ಎಂದೇ ಬಣ್ಣ ಹಾಕಿದ್ದೆ, ಬಂತು, ಕಣ್ಣು ತಣ್ಣಗಾಯಿತು. ಸೊರಗಿದ ಕೋಶ, ಉರಿಯೂತ ಎಲ್ಲ ಕಂಡಿತ್ತು. ಬೇರೆ ಯಾರ ತುಂಡಾಗಿದ್ದರೂ ಅಲ್ಲೇ ನಿಂತು ಮತ್ತೊಮ್ಮೆ ನೋಡುತ್ತಿದ್ದೆ. ಸಾಹೇಬರಿಗೆ ಕಣ್ಣಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ, ಅವರಿಗೆ ಈ ವಿಷಯ ಹೇಳಲು ಹೋದಾಗ ಅವರ ಮುಖ ನೋಡಲಾಗಲಿಲ್ಲ.

ಇನ್ನೊಂದನ್ನೂ ಹೇಳಬೇಕು. ನಿಮ್ಮಣ್ಣ ಕಳೆದ ವಾರವೇ ಮಂಡಳಿಗೆ ರಾಜೀನಾಮೆ ಬರೆದು ಕೊಟ್ಟಿದ್ದಾರೆ. ನಾನು ಹೇಳಿ ಬರೆಸಿದ್ದಲ್ಲ. "ಕಾಯಿಲೆ ಇಲ್ಲದೆ ಕೂತು ಸಂಬಳ ತಗೊಳ್ಳೋದು ತಪ್ಪು" ಎಂದು ತಾವೇ ಬರೆದರು. ಅದರಲ್ಲಿ ಒಂದು ಕಾಗುಣಿತ ತಪ್ಪಿತ್ತು, ನಾನು ತಿದ್ದಿಕೊಟ್ಟೆ.

ಇನ್ನೂ ಅವರಿಗೆ ಹೇಳಿಲ್ಲ. ಎರಡು ದಿನದಿಂದ ಬಾಯಿ ತೆರೆಯುತ್ತೇನೆ, ನೀರು ಕುಡಿದು ಮುಚ್ಚುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ.

ಅತ್ತಿಗೆ


೨೬ ಮಾರ್ಚ್

ಅತ್ತಿಗೆ,

ಹೆದರಿಕೆಯೇ? ನಿಮಗೆ? ಬಯ್ಯುವಾಗ ನೀರು ಕುಡಿಯಲು ನೀವು ನಿಲ್ಲಿಸಿದ್ದು ನನಗೆ ನೆನಪಿಲ್ಲ. ಇದಕ್ಕೂ ನಿಲ್ಲಿಸಬೇಡಿ. ಸಭೆಗೆ ಮೊದಲು ಅವನಿಗೆ ಹೇಳಿ, ಆಮೇಲೆ ಮಂಡಳಿಗೆ ಹೇಳಿ. ಅವನಿಗೆ ಕೊನೆಗೆ ಗೊತ್ತಾಗುವ ಹಾಗೆ ಮಾಡಬೇಡಿ.

ನಮ್ಮ ಮ್ಯಾನೇಜರಿಗೆ ಬ್ಯಾಚು ಕೆಟ್ಟಿದೆ ಎಂದೆ. "ಒಂದು ಲ್ಯಾಬಿನ ಮಾತಿಗೆ ಇಡೀ ಬ್ಯಾಚು ವಾಪಸ್ ತರಿಸೋಕಾಗುತ್ತಾ? ಅವರೇ ಏನೋ ಎಡವಟ್ಟು ಮಾಡಿರ್ತಾರೆ" ಎಂದರು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ. ನಾನು ಅವರ ಅಪ್ಪಣೆಗೆ ಕಾಯಲಿಲ್ಲ. ಸೀಸೆ ಹೋಗಿದ್ದ ನಲವತ್ತೂ ಲ್ಯಾಬುಗಳಿಗೆ ನಾನೇ ಬರೆದೆ: ಈ ಬ್ಯಾಚನ್ನು ಬಳಸಬೇಡಿ, ಇದರಿಂದ ಕೊಟ್ಟ ವರದಿಗಳನ್ನು ಮತ್ತೆ ನೋಡಿ, ತಪ್ಪು ಸಹಿ ನನ್ನದು. ನನ್ನನ್ನು ಮನೆಯಲ್ಲಿರಲು ಹೇಳಿದ್ದಾರೆ. ಹೇಗೂ ಅಲ್ಲಿ ಮೆಟ್ಟಿಲು ಜಾಸ್ತಿಯಾಗಿತ್ತು.

ಹೊರಡುವ ಮೊದಲು ಒಂದು ಹಠ ಸಾಧಿಸಿದೆ. ಹಳೆಯ ಮೊಲದ ಕೊನೆಯ ಸೀಸೆಯನ್ನು ನಿಮ್ಮ ಲ್ಯಾಬಿನ ಹೆಸರಿಗೆ ಬರೆಸಿಕೊಂಡೆ, ಕಳಿಸುತ್ತಿದ್ದೇನೆ. ಅದರ ಜೊತೆ ಇನ್ನೊಂದು ಡಬ್ಬಿ ಇದೆ. ಇಲ್ಲಿಯ ಆಸ್ಪತ್ರೆಯಲ್ಲಿ ನನ್ನ ಮೀನಖಂಡದಿಂದಲೂ ಒಂದು ಚೂರು ತೆಗೆಯಿರಿ ಎಂದೆ, ತೆಗೆದರು. ನೀವೇ ಕತ್ತರಿಸಿ, ನೀವೇ ನೋಡಿ. ನಿಮ್ಮ ಮೇಲೆ ಪ್ರೀತಿ ಉಕ್ಕಿ ಹೀಗೆ ಹೇಳುತ್ತಿಲ್ಲ. ಒಮ್ಮೆ ಇಷ್ಟು ಕೆಟ್ಟದಾಗಿ ಎಡವಿದವರು ಎರಡನೆಯ ಸಲ ಹತ್ತು ಬಾರಿ ನೋಡುತ್ತಾರೆ, ಅದಕ್ಕೆ.

ಬಿಳಿ ಬಂದರೆ ಉಳಿದದ್ದನ್ನು ಕಂಟ್ರೋಲಿಗೆ ಇಟ್ಟುಕೊಳ್ಳಿ. ಯಾರು ಕೇಳಿದರೂ ಒಂದು ಪದರ ಕೊಡಿ. ಡಬ್ಬಿಯ ಮೇಲೆ ಏನೂ ಬರೆಯಬೇಡಿ.

ಪುಟ್ಟಿ


೧೧ ಏಪ್ರಿಲ್

ಪುಟ್ಟಿ,

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನದೂ ಬಿಳಿ. ಒಂದು ಪಕ್ಕ ಮೂಟೆಯವನದು, ಇನ್ನೊಂದು ಪಕ್ಕ ದರ್ಜಿಯಮ್ಮನ ಕೊನೆಯ ಪದರ, ನಡುವೆ ನಿನ್ನದು. ಮೂರು ದಿನ, ಮೂರು ಸಲ ಹಾಕಿದೆ. ಸಾಹೇಬರನ್ನು ಎಳೆದು ಕೂರಿಸಿ ನೋಡಿಸಿದೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಮೂರನೆಯ ಸಲವಾದರೂ ಕಂದು ಬರಲಿ ಎಂದು ನಾನು ಬೇಡಿಕೊಂಡೆ. ನನ್ನ ಬೇಡಿಕೆಗೆ ಆ ಮೊಲ ಸೊಪ್ಪು ಹಾಕಲಿಲ್ಲ. ಒಳ್ಳೆಯ ಮೊಲ.

ನಿಮ್ಮಣ್ಣನಿಗೆ ಹೇಗೆ ಹೇಳಿದೆ ಎಂಬುದನ್ನು ಬರೆಯುತ್ತೇನೆ. ನಿನಗೆ ಅದು ಗೊತ್ತಿರಬೇಕು.

ಇಪ್ಪತ್ತೇಳರ ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿಲ್ಲ. ಹಿಂದಿನ ದಿನ ಹೊಲಿಗೆ ಬಿಚ್ಚಿದ್ದರು. ಮೈದಾನಕ್ಕೆ ಓಡಿದೆ. ಓಡುತ್ತಿದ್ದರು. ಓಟವೆಂದರೆ ಏನು, ಒಂದೊಂದು ಪಾದವನ್ನೂ ಮೊಣಕಾಲಿನವರೆಗೆ ಎತ್ತಿ ನೆಲಕ್ಕೆ ಬಡಿಯುತ್ತ, ಕೈಗಳನ್ನು ಗಾಳಿಯಲ್ಲಿ ಚಾಚಿ ಹಿಡಿದು. ಇದನ್ನು ನೋಡಲು ನಾನು ಒಂದು ದಿನವೂ ಹೋಗಿರಲಿಲ್ಲ.

"ಸಾಕು, ನಿಲ್ಲಿಸಿ" ಎಂದು ಕೂಗಿದೆ.

"ಇನ್ನೂ ಎರಡು ಸುತ್ತು ಇದೆ" ಎಂದರು.

ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ ಎಲ್ಲ ಹೇಳಿದೆ. ಸೀಸೆ ತಪ್ಪು, ನಾನು ನೋಡಿದ್ದು ತಪ್ಪು, ಪ್ರೊಟೀನು ಇಲ್ಲ. ಇದಕ್ಕೆ ಔಷಧಿಯಿಲ್ಲ, ವರ್ಷ ಕಳೆದಂತೆ ಕಾಲು ಇನ್ನೂ ಸೋಲುತ್ತದೆ, ಮುಂದೆ ಗಾಲಿಕುರ್ಚಿ ಬೇಕಾಗಬಹುದು. ಹೇಳಿ ಮುಗಿಸಿ ಕಾದೆ. ಬೈಯಲಿ, ಹೊಡೆಯಲಿ, ಅಳಲಿ ಎಂದು ಕಾದೆ.

"ಹಾಗಾದ್ರೆ ನಾನು ನಾಟಕ ಆಡ್ತಿರ್ಲಿಲ್ಲ?" ಎಂದು ಕೇಳಿದರು.

"ಇಲ್ಲ."

"ಖಂಡಿತಾ?"

"ಖಂಡಿತ."

ನಗತೊಡಗಿದರು ಪುಟ್ಟಿ. ಕಪ್ಪು ಗೆದ್ದವರ ಹಾಗೆ, ಮುಖವೆಲ್ಲ ಅರಳಿ. "ನೀನು ಹೇಳೀ ಹೇಳೀ ನನಗೂ ಹಾಗೇ ಅನ್ನಿಸ್ಬಿಟ್ಟಿತ್ತು ಕಣೇ. ಬಿದ್ದಾಗೆಲ್ಲಾ, ಬೇಕಂತಲೇ ಬಿದ್ನಾ ಅಂತ ನನ್ನನ್ನೇ ಕೇಳ್ಕೋತಿದ್ದೆ" ಎಂದರು. ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರಿಗೆ ಸಂತೋಷವಾಗಿತ್ತು. ವಾಸಿಯಾಗದ ಕಾಯಿಲೆ ಇದೆ ಎಂದು ಕೇಳಿ ಒಬ್ಬ ಮನುಷ್ಯನಿಗೆ ಸಂತೋಷವಾಗಬೇಕಾದರೆ ಅವನ ಜೊತೆ ಹನ್ನೊಂದು ವರ್ಷ ಎಂಥವರು ಬಾಳಿರಬೇಕು ಎಂದು ನಾನು ಅಲ್ಲಿಯೇ ಅತ್ತೆ. ಕಾಗದದಲ್ಲಿ ಕೇಳಿಸುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಮರುದಿನ ಮಂಡಳಿಯ ಎದುರು ನಿಂತೆ. ಅಧ್ಯಕ್ಷರು ನನ್ನ ಎರಡು ವರದಿಗಳನ್ನೂ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮಾ, ಮೊನ್ನೆ ಇದೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ನಿಮ್ಮ ಲ್ಯಾಬಲ್ಲಿ ನಾಣ್ಯ ಚಿಮ್ಮಿ ನೋಡ್ತೀರಾ?" ಎಂದರು. ಎಲ್ಲರೂ ನಕ್ಕರು. ತಪ್ಪು ನನ್ನದು ಎಂದೆ. ಇನ್ನೊಮ್ಮೆ ಹೇಳಿ, ಕೇಳಿಸಲಿಲ್ಲ ಎಂದರು. ಇನ್ನೊಮ್ಮೆ ಹೇಳಿದೆ. ರಾಜೀನಾಮೆ ಹಿಂದಕ್ಕೆ ಕೊಟ್ಟರು. ಮೈದಾನದ ಕೆಲಸ ಹೋಯಿತು, ನೆಲಮಹಡಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಾವೂ ನೆಲಮಹಡಿಯ ಮನೆ ಹುಡುಕಿದ್ದೇವೆ, ತಿಂಗಳ ಕೊನೆಗೆ ಹೋಗುತ್ತೇವೆ. ಒಂದು ಕೋಣೆ ಹೆಚ್ಚಿಗೆ ಇದೆ. ನಿನಗೆ ಅಂತಲೇ. ಇಲ್ಲ ಗಿಲ್ಲ ಎಂದು ಬರೆದರೆ ಓದುವುದಿಲ್ಲ.

ನಿನ್ನೆ ಸಂಜೆ ಸಾಮಾನು ಕಟ್ಟುತ್ತಿದ್ದಾಗ ನಿಮ್ಮಣ್ಣ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು.

"ಒಂದು ಬರ್ಕೊಡು" ಎಂದರು.

"ಮಂಡಳಿಗೆ ಕೊಟ್ಟಾಯ್ತಲ್ಲ."

"ಅದು ಅವರಿಗೆ. ಇದು ನನಗೆ. ನಿನ್ನ ಕೈಬರಹದಲ್ಲಿ."

"ಏನಂತ ಬರೀಲಿ?"

"ನಾನು ಸೋಮಾರಿ ಅಲ್ಲ ಅಂತ. ಮುಂದೆ ಯಾವತ್ತಾದ್ರೂ ನಿನಗೆ ಮರೆತುಹೋದ್ರೆ ತೋರಿಸ್ತೀನಿ."

ತಮಾಷೆ ಮಾಡುತ್ತಿದ್ದಾರೆಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟೆ. ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.

ನೀನು ಕೇಳಿಲ್ಲ. ಆದರೂ ನಿನಗೂ ಅಂಥದ್ದೇ ಒಂದು ಬರೆದು ಇದರ ಜೊತೆ ಇಟ್ಟಿದ್ದೇನೆ. ಬರುವಾಗ ಮರೆಯದೆ ತಾ. ನನ್ನ ನಾಲಿಗೆಯನ್ನು ನಾನು ನಂಬುವುದಿಲ್ಲ.

ಅತ್ತಿಗೆ